ಸುಲಭ ಅಂದ್ರೆ ಯಾರಿಗೆ ಸುಲಭ?

ರಾಜಗೋಪಾಲನಗರದಲ್ಲಿ ಯಾರಾದರೂ "ನಾನು ಪ್ರೋಗ್ರಾಮರ್" ಅಂದ್ರೆ ಕೇಳಿದವರ ಕಣ್ಣಮುಂದೆ ಲ್ಯಾಪ್‌ಟಾಪ್ ಬರೋದಿಲ್ಲ, ಲೇತ್ ಬರುತ್ತೆ. ಪೀಣ್ಯ ಎರಡನೇ ಹಂತಕ್ಕೆ ಅಂಟಿಕೊಂಡ ಈ ಬಡಾವಣೆಯ ಅಡ್ಡರಸ್ತೆಗಳಲ್ಲಿ ಕೆಳಗೆ ಶೆಡ್ಡು, ಮೇಲೆ ಮನೆ. ಗೇಟಿನ ಮೇಲೆ ಒಂದು ಬೋರ್ಡು: "ಸಿಎನ್‌ಸಿ ಆಪರೇಟರ್, ಸೆಟ್ಟರ್, ಪ್ರೋಗ್ರಾಮರ್ ಬೇಕಾಗಿದ್ದಾರೆ". ಈ ಮೂರು ಪದ ಮೂರು ಮೆಟ್ಟಿಲು. ಆಪರೇಟರ್ ಚಕ್‌ಗೆ ಜಾಬ್ ಕಟ್ಟಿ ಸೈಕಲ್ ಸ್ಟಾರ್ಟ್ ಬಟನ್ ಒತ್ತುತ್ತಾನೆ. ಸೆಟ್ಟರ್ ಟೂಲ್ ಕಟ್ಟಿ ಆಫ್‌ಸೆಟ್ ಕೊಡುತ್ತಾನೆ. ಪ್ರೋಗ್ರಾಮರ್ ಡ್ರಾಯಿಂಗ್ ನೋಡಿ, ಮಷೀನು ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ವೇಗದಲ್ಲಿ ಕೊರೆಯಬೇಕು ಅಂತ ಸಾಲು ಸಾಲಾಗಿ ಬರೆಯುತ್ತಾನೆ. ಮೆಟ್ಟಿಲು ಹತ್ತಿದಂತೆ ಸಂಬಳ ಏರುತ್ತೆ, ಗೌರವ ಏರುತ್ತೆ, ರಾತ್ರಿ ಪಾಳಿ ಕಡಿಮೆಯಾಗುತ್ತೆ.

"ಹೊಸಬರಿಗೆ ಪ್ರೋಗ್ರಾಮಿಂಗ್ ಕಲಿಯೋದನ್ನ ಸುಲಭ ಮಾಡ್ಬೇಕು" ಅನ್ನೋ ಮಾತನ್ನ ನಾವು ಸಾಫ್ಟ್‌ವೇರ್‌ನವರು ದಿನಕ್ಕೊಂದು ಸಲ ಕೇಳ್ತೀವಿ. ಬೇಡ ಅನ್ನೋರು ಯಾರಿದ್ದಾರೆ? ಆದರೆ ಸುಲಭ ಮಾಡೋದು ಅಂದ್ರೆ ನಿಖರವಾಗಿ ಏನನ್ನ ತೆಗೆಯೋದು, ತೆಗೆದದ್ದು ಎಲ್ಲಿಗೆ ಹೋಗುತ್ತೆ, ಅದರಿಂದ ಯಾರಿಗೆ ಏನಾಗುತ್ತೆ ಅಂತ ಕೇಳೋದು ಕಡಿಮೆ. ಈ ಪ್ರಶ್ನೆಯನ್ನ ವೈಟ್‌ಫೀಲ್ಡಿನ ಗಾಜಿನ ಕಟ್ಟಡದಲ್ಲಿ ಕೂತು ಕೇಳಿದ್ರೆ ಉತ್ತರ ಸ್ವಲ್ಪ ಮಸುಕಾಗಿರುತ್ತೆ. ಪೀಣ್ಯದಲ್ಲಿ ಹಾಗಲ್ಲ. ಅಲ್ಲಿ ಬಗ್ ಅಂದ್ರೆ ಲಾಗ್ ಫೈಲಿನಲ್ಲಿ ಕೆಂಪು ಸಾಲಲ್ಲ. ಕಬ್ಬಿಣಕ್ಕೆ ಕಬ್ಬಿಣ ಗುದ್ದಿದ ಸದ್ದು, ಪಕ್ಕದ ಶೆಡ್ಡಿನವರೂ ಬಂದು ಇಣುಕಿ ನೋಡುವಂಥದ್ದು.

ಮೊದಲು, ಕಷ್ಟ ಎಲ್ಲಿದೆ ನೋಡೋಣ. ಐಟಿಐ ಮುಗಿಸಿ, ಕನ್ನಡ ಮೀಡಿಯಮ್ಮಿನಲ್ಲಿ ಓದಿ ಬಂದ ಹುಡುಗನೊಬ್ಬ ಸಿಎನ್‌ಸಿ ಪರದೆ ಮುಂದೆ ನಿಂತಿದ್ದಾನೆ ಅಂದ್ಕೊಳ್ಳಿ. ಪರದೆ ತುಂಬ ಜಿ ಕೋಡು, ಎಂ ಕೋಡು. ನೋಡಿದರೆ ಎದೆ ಧಸಕ್ಕನ್ನುತ್ತೆ. ಆದರೆ ಅವು ನಿಜಕ್ಕೂ ಅಷ್ಟೇನೂ ಕಷ್ಟದವಲ್ಲ. ಜಿ 00 ಅಂದ್ರೆ ಕೊರೆಯದೆ ಜೋರಾಗಿ ಹೋಗು. ಜಿ 01 ಅಂದ್ರೆ ಕೊರೆಯುತ್ತಾ ನೇರವಾಗಿ ಹೋಗು. ಜಿ 02, ಜಿ 03 ಅಂದ್ರೆ ಬಳಸಿಕೊಂಡು ಹೋಗು. ಎಂ 03 ಅಂದ್ರೆ ಸ್ಪಿಂಡಲ್ ತಿರುಗಿಸು, ಎಂ 08 ಅಂದ್ರೆ ಕೂಲೆಂಟ್ ಬಿಡು, ಎಂ 30 ಅಂದ್ರೆ ಮುಗೀತು, ಮೊದಲಿಗೆ ವಾಪಸ್. ಇಪ್ಪತ್ತು ಮೂವತ್ತು ಕೋಡು ಗೊತ್ತಿದ್ದರೆ ಶೆಡ್ಡಿನ ಎಷ್ಟೋ ಕೆಲಸ ನಡೆದುಹೋಗುತ್ತೆ. ಕನ್ನಡದ ಕಾಗುಣಿತ ಕಲಿತವನಿಗೆ ಇದೊಂದು ದೊಡ್ಡ ವಿಷಯವೇ ಅಲ್ಲ.

ಕಷ್ಟ ಇರೋದು ಬೇರೆ ಕಡೆ. ಅಲಾರಂ ಬಂದಾಗ ಪರದೆಯಲ್ಲಿ ಇಂಗ್ಲಿಷಿನ ಅರ್ಧ ವಾಕ್ಯ. ಮ್ಯಾನ್ಯುಯಲ್ಲು ಓನರ್ ಬೀರುವಿನಲ್ಲಿ. ಸೀನಿಯರ್ ಸೆಟ್ಟರ್ ಬಂದು, ಪರದೆಗೆ ಬೆನ್ನು ಅಡ್ಡ ಹಾಕಿ, ನಾಲ್ಕು ಬಟನ್ ಒತ್ತಿ ಅಲಾರಂ ತೆಗೆದು, "ಆಯ್ತು, ಓಡ್ಸು" ಅಂತ ಹೋಗಿಬಿಡ್ತಾನೆ. ಅವನು ಕೆಟ್ಟವನೇನಲ್ಲ. ಹತ್ತು ವರ್ಷದಲ್ಲಿ ಗಳಿಸಿದ ವಿದ್ಯೆಯೇ ಅವನ ಕೆಲಸಕ್ಕೆ ಇರೋ ಒಂದೇ ಗ್ಯಾರಂಟಿ, ಅದನ್ನ ಹತ್ತು ನಿಮಿಷದಲ್ಲಿ ಕೊಟ್ಟುಬಿಡೋದಕ್ಕೆ ಅವನಿಗೆ ಹೆದರಿಕೆ.

ಇನ್ನೊಂದು ಕಷ್ಟ ನೋಡಿ, ಅದು ಚುಕ್ಕೆಯದ್ದು. ಫ್ಯಾನುಕ್ ಕಂಟ್ರೋಲಿನಲ್ಲಿ ಒಂದು ಸೆಟ್ಟಿಂಗ್ ಇದೆ. ಆ ಸೆಟ್ಟಿಂಗ್ ಇದ್ದ ಮಷೀನಿನಲ್ಲಿ ಎಕ್ಸ್ 10 ಅಂತ ಬರೆದು ಪಕ್ಕದಲ್ಲಿ ದಶಾಂಶದ ಚುಕ್ಕೆ ಇಟ್ಟರೆ 10 ಮಿಲಿಮೀಟರ್. ಚುಕ್ಕೆ ಮರೆತರೆ 10 ಮೈಕ್ರಾನ್, ಅಂದ್ರೆ ಮಿಲಿಮೀಟರಿನ ನೂರನೇ ಒಂದು ಭಾಗ. ಟೂಲು ಹತ್ತು ಮಿಲಿಮೀಟರ್ ವ್ಯಾಸದಲ್ಲಿ ನಿಲ್ಲೋ ಬದಲು ಜಾಬಿನ ನಡುಮಧ್ಯಕ್ಕೆ ನುಗ್ಗುತ್ತೆ. ಪೇಪರ್ ಟೇಪಿನ ಮೇಲೆ ತೂತು ಹೊಡೆದು ಪ್ರೋಗ್ರಾಂ ಕೊಡುತ್ತಿದ್ದ ಕಾಲದ ಪದ್ಧತಿ ಇದು. ಟೇಪು ಹೋಗಿ ಎಷ್ಟೋ ಕಾಲವಾಯ್ತು, ಚುಕ್ಕೆಯ ಗಂಡಾಂತರ ಉಳೀತು.

ಅಮೆರಿಕದ ಫ್ರೆಡ್ ಬ್ರೂಕ್ಸ್ 1986ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಸಾಫ್ಟ್‌ವೇರಿನ ಕಷ್ಟಗಳನ್ನ ಎರಡಾಗಿ ವಿಂಗಡಿಸಿದರು. ಒಂದು, ವಿಷಯದ ಒಳಗೇ ಇರೋ ಕಷ್ಟ. ಇನ್ನೊಂದು, ನಮ್ಮ ಸಾಧನಗಳಿಂದಾಗಿ ಮೇಲಿಂದ ಸೇರಿಕೊಂಡ ಕಷ್ಟ. ಈ ಲೆಕ್ಕದಲ್ಲಿ ಚುಕ್ಕೆ, ಇಂಗ್ಲಿಷ್ ಅಲಾರಂ, ಬೀರುವಿನ ಮ್ಯಾನ್ಯುಯಲ್ಲು, ಅಡ್ಡ ಹಾಕಿದ ಬೆನ್ನು ಎಲ್ಲವೂ ಎರಡನೇ ಜಾತಿಯವು. ಇವನ್ನ ತೆಗೆಯೋದರ ಬಗ್ಗೆ ಚರ್ಚೆಯೇ ಬೇಡ. ಇವುಗಳಿಂದ ಯಾರ ಬುದ್ಧಿಯೂ ಚುರುಕಾಗೋದಿಲ್ಲ. "ನಾವು ಕಷ್ಟಪಟ್ಟು ಕಲಿತಿಲ್ವಾ, ಅವರೂ ಪಡಲಿ" ಅನ್ನೋದು ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನೋ ಥರದ ಲೆಕ್ಕಾಚಾರ. ಅದರಲ್ಲಿ ಶಿಕ್ಷಣ ಇಲ್ಲ, ಬರೀ ಬಡ್ಡಿ ವಸೂಲಿ ಇದೆ.

ಭಾಷೆಯ ವಿಷಯ ಬಂದಿದ್ದರಿಂದ ಇಲ್ಲೇ ಒಂದು ಮಾತು. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸೋದಕ್ಕೆ ಅಂತಲೇ 1967ರಲ್ಲಿ ಅಮೆರಿಕದಲ್ಲಿ ಲೋಗೋ ಅನ್ನೋ ಭಾಷೆ ಹುಟ್ಟಿತು. ಸೀಮೋರ್ ಪೇಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫ್ಯೂರ್‌ಝೈಗ್ ಅದರ ಹಿಂದಿದ್ದವರು. ಪರದೆ ಮೇಲೆ ಒಂದು ಆಮೆ. ಮುಂದೆ ಹೋಗು, ಬಲಕ್ಕೆ ತಿರುಗು ಅಂತ ಹೇಳಿದರೆ ಗೆರೆ ಎಳೆಯುತ್ತಾ ಹೋಗುತ್ತೆ. ಚೌಕ ಬರಲಿಲ್ಲವಾ? ನೀನೇ ಎದ್ದು ಆಮೆ ಥರ ನಡೆದು ನೋಡು, ಎಲ್ಲಿ ತಪ್ಪಿದೆ ಅಂತ ಕಾಲಿಗೇ ಗೊತ್ತಾಗುತ್ತೆ. ಈ ಲೋಗೋವನ್ನ ಕನ್ನಡಕ್ಕೆ ತಂದವರು ಯು.ಬಿ. ಪವನಜ, 1996ರಲ್ಲೇ ವಿಶ್ವಕನ್ನಡ ಅನ್ನೋ ಅಂತರ್ಜಾಲ ಪತ್ರಿಕೆ ಶುರುಮಾಡಿದವರು. ಕನ್ನಡ ಶಾಲೆಯ ಮಗು ಇಂಗ್ಲಿಷಿನ ಹೊಸ್ತಿಲು ದಾಟದೆಯೇ ಲೆಕ್ಕದ ಮನೆಯೊಳಗೆ ಬರಬಹುದು ಅಂತ ಆ ಕೆಲಸ ತೋರಿಸಿತು.

ಆದರೆ ಕನ್ನಡಕ್ಕೆ ತರೋದು ಅಂದ್ರೆ ಪ್ರೋಗ್ರಾಮಿಗೆ "ಕ್ರಮವಿಧಿ" ಅಂತ ಹೆಸರಿಟ್ಟು ಕೈ ತೊಳೆದುಕೊಳ್ಳೋದಲ್ಲ. ಶೆಡ್ಡಿನ ಹುಡುಗನಿಗೆ ಪ್ರೋಗ್ರಾಂ ಅನ್ನೋ ಪದ ಗೊತ್ತು, ಫೀಡ್ ಗೊತ್ತು, ಆಫ್‌ಸೆಟ್ ಗೊತ್ತು. ಅವನಿಗೆ ಬೇಕಾಗಿರೋದು "ಯಾಕೆ" ಅನ್ನೋದಕ್ಕೆ ಕನ್ನಡದಲ್ಲಿ ಉತ್ತರ. ಫೀಡ್ ಜಾಸ್ತಿ ಮಾಡಿದರೆ ಫಿನಿಶ್ ಯಾಕೆ ಒರಟಾಗುತ್ತೆ ಅನ್ನೋದನ್ನ ಮನೆ ಮಾತಿನಲ್ಲಿ ಹೇಳಿದರೆ ಸಾಕು. ಅರ್ಧ ಇಂಗ್ಲಿಷ್ ಪದಗಳಿದ್ದರೂ ಅದು ಪೂರ್ತಿ ಕನ್ನಡವೇ.

ಸುಲಭ ಮಾಡೋದನ್ನ ವಿರೋಧಿಸಿದವರೂ ಇದ್ದಾರೆ, ಅವರೆಲ್ಲ ಬಡ್ಡಿ ವಸೂಲಿಯವರಲ್ಲ. 1964ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಝ್ ಬೇಸಿಕ್ ಭಾಷೆ ಮಾಡಿದ್ದು ವಿಜ್ಞಾನ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಮುಟ್ಟಲಿ ಅಂತ. ಹನ್ನೊಂದು ವರ್ಷದ ನಂತರ ಎಡ್ಸ್‌ಗರ್ ಡೈಕ್‌ಸ್ಟ್ರಾ, ಬೇಸಿಕ್ ಕಲಿತು ಬಂದವರಿಗೆ ಒಳ್ಳೆಯ ಪ್ರೋಗ್ರಾಮಿಂಗ್ ಕಲಿಸೋದು ಹೆಚ್ಚುಕಮ್ಮಿ ಅಸಾಧ್ಯ, ಅವರ ತಲೆ ಸರಿಪಡಿಸಲಾರದಷ್ಟು ಕೆಟ್ಟಿರುತ್ತೆ ಅನ್ನೋ ಅರ್ಥದಲ್ಲಿ ಬರೆದ. ಮಾತು ವಿಪರೀತ. ಬೇಸಿಕ್‌ನಿಂದ ಶುರುಮಾಡಿ ಚೆನ್ನಾಗಿ ಕಲಿತವರು ಬೇಕಾದಷ್ಟು ಜನ ಇದ್ದಾರೆ. ಆದರೂ ಅವನ ಆತಂಕದಲ್ಲಿ ಒಂದು ತಿರುಳಿದೆ: ಮೊದಲ ದಿನದ ಸುಲಭ ಮುಂದಿನ ದಿನಗಳನ್ನ ಮುಚ್ಚಿಬಿಡಬಹುದು.

ಇದಕ್ಕೆ ಪೀಣ್ಯದಲ್ಲಿ ಎಷ್ಟು ಒಳ್ಳೆಯ ಉದಾಹರಣೆ ಇದೆ ಅಂದ್ರೆ, ನಾನು ಲೆಕ್ಕ ಹಾಕಿಯೇ ತೋರಿಸ್ತೀನಿ. ಲೇತಿನಲ್ಲಿ ಜಿ 96 ಅಂತ ಒಂದು ಕೋಡ್ ಇದೆ. ಕೊರೆಯುವ ಜಾಗದಲ್ಲಿ ಲೋಹ ಟೂಲಿನ ಮುಂದೆ ನಿಮಿಷಕ್ಕೆ ಇಷ್ಟು ಮೀಟರ್ ಹರಿಯಬೇಕು ಅಂತ ನೀವು ಹೇಳಿದರೆ ಸಾಕು, ಸ್ಪಿಂಡಲ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು ಅನ್ನೋದನ್ನ ಮಷೀನೇ ಲೆಕ್ಕ ಹಾಕಿಕೊಳ್ಳುತ್ತೆ. ಹೊಸಬನಿಗೆ ವರದಾನ. ಈಗ ವೇಗ 200 ಮೀಟರ್ ಅಂತ ಕೊಟ್ಟಿದ್ದೀರಿ ಅಂದ್ಕೊಳ್ಳಿ. ವ್ಯಾಸ 50 ಮಿಲಿಮೀಟರ್ ಇದ್ದಾಗ ಸ್ಪಿಂಡಲ್ ಸುಮಾರು 1273 ಸುತ್ತು ತಿರುಗುತ್ತೆ. ಮುಖ ಕೊರೆಯುತ್ತಾ ಟೂಲು ಒಳಗೆ ಹೋಗುತ್ತೆ. ವ್ಯಾಸ 10ಕ್ಕೆ ಇಳಿದಾಗ ಬೇಕಾಗೋದು 6366 ಸುತ್ತು. 5ಕ್ಕೆ ಇಳಿದರೆ 12,000ಕ್ಕೂ ಮೇಲೆ. ನಡುಮಧ್ಯಕ್ಕೆ ಬಂದಾಗ ಲೆಕ್ಕಕ್ಕೆ ಕೊನೆಯೇ ಇಲ್ಲ. ಮಷೀನು ತನ್ನ ಗರಿಷ್ಠ ವೇಗದ ತನಕ ಏರುತ್ತೆ. ಅಷ್ಟು ವೇಗದಲ್ಲಿ ಚಕ್ಕಿನ ಜಾಗಳೇ ಹೊರಕ್ಕೆ ಎಳೆದುಕೊಂಡು ಹಿಡಿತ ಸಡಿಲವಾಗುತ್ತೆ. ದೊಡ್ಡ ಜಾಬ್ ಇದ್ದರೆ, ಹಿಡಿತ ಕಮ್ಮಿ ಇದ್ದರೆ, ಅದು ಬಾಗಿಲಿಗೆ ಬಂದು ಬಡಿಯಬಹುದು.

ಇದಕ್ಕೆ ಪರಿಹಾರ ಒಂದೇ ಸಾಲು. ಸಾಮಾನ್ಯವಾಗಿ ಜಿ 50 ಅಂತ ಬರೆದು, ಇಷ್ಟಕ್ಕಿಂತ ಹೆಚ್ಚು ತಿರುಗಬೇಡ ಅಂತ ಮಿತಿ ಹಾಕೋದು. ಆದರೆ ಆ ಸಾಲು ಯಾಕಿದೆ ಅಂತ ಗೊತ್ತಿಲ್ಲದವನು ಹಳೇ ಪ್ರೋಗ್ರಾಂ ಕಾಪಿ ಮಾಡುವಾಗ ಅದನ್ನ ಬಿಟ್ಟುಬಿಡಬಹುದು. ಇಲ್ಲ, ಚಿಕ್ಕ ಜಾಬಿಗೆ ಹಾಕಿದ ಮಿತಿಯನ್ನೇ ದೊಡ್ಡ ಜಾಬಿಗೂ ಇಟ್ಟುಕೊಳ್ಳಬಹುದು. ಜಿ 96 ಗುಣಾಕಾರ ಭಾಗಾಕಾರದ ಕೆಲಸ ತಪ್ಪಿಸಿತು, ಸರಿ. ವ್ಯಾಸ ಇಳಿದರೆ ವೇಗ ಏರುತ್ತೆ ಅನ್ನೋ ಸಂಬಂಧವನ್ನೂ ಅದರ ಜೊತೆಗೇ ಕಣ್ಣಿಗೆ ಕಾಣದಂತೆ ಮಾಡಿತು. ಗುಣಾಕಾರ ಹೋದರೆ ನಷ್ಟವಿಲ್ಲ. ಸಂಬಂಧ ಕಾಣದೆ ಹೋದರೆ ನಷ್ಟ ಇದೆ.

ಈಗ ನೈತಿಕ ಪ್ರಶ್ನೆಗೆ ಬರೋಣ. ಜಾಬ್ ಹಾರಿತು, ಟೂಲ್ ಮುರೀತು, ಸ್ಪಿಂಡಲ್ಲಿಗೆ ಏಟು ಬಿತ್ತು. ಮೊದಲು ಕೇಳೋ ಪ್ರಶ್ನೆ ಯಾವುದು? "ಬಟನ್ ಒತ್ತಿದ್ದು ಯಾರು?" ಬೈಗುಳ ಅವನಿಗೆ. ಕೆಲವು ಕಡೆ ಮುರಿದ ಟೂಲಿನ ದುಡ್ಡನ್ನ ಸಂಬಳದಲ್ಲಿ ಹಿಡಿದುಕೊಳ್ಳೋದೂ ಉಂಟು. ಎಲ್ಲಕ್ಕಿಂತ ಮೊದಲು, ಮಷೀನಿನ ಮುಂದೆ ನಿಂತಿರೋ ದೇಹ ಅವನದ್ದು. ನಾವು ಅವನಿಗೆ "ನೀನು ತಿಳ್ಕೊಳ್ಳೋ ಅಗತ್ಯ ಇಲ್ಲ, ಎಲ್ಲ ಸುಲಭ ಮಾಡಿದ್ದೀವಿ, ಹಸಿರು ಬಟನ್ ಒತ್ತು" ಅಂದೆವು. ಹಾಳಾದಾಗ "ನಿನಗೆ ತಿಳಿದಿರಬೇಕಿತ್ತು" ಅಂತೀವಿ. ಎರಡೂ ಮಾತನ್ನ ಒಂದೇ ಬಾಯಿಂದ ಹೇಳೋದು ಅನ್ಯಾಯ.

ನನಗೆ ಈ ಚರ್ಚೆಯ ಗಂಟು ಇಲ್ಲೇ ಇದೆ ಅನ್ಸುತ್ತೆ. ಹೊಸಬನಿಂದ ಏನನ್ನ ಮರೆಮಾಡಬಹುದು ಅನ್ನೋದನ್ನ ನಾವು ಕಲಿಸುವ ವಿಧಾನದ ಪ್ರಶ್ನೆ ಅಂದ್ಕೊಂಡಿದ್ದೀವಿ. ಅದು ನ್ಯಾಯದ ಪ್ರಶ್ನೆ. ಯಾವುದಕ್ಕೆ ನಾಳೆ ಅವನನ್ನ ಹೊಣೆ ಮಾಡ್ತೀರೋ, ಅದನ್ನ ಇವತ್ತು ಅವನಿಂದ ಮರೆಮಾಡಬಾರದು. ಮರೆಮಾಡಿದರೆ, ಹೊಣೆಯನ್ನ ನೀವು ಹೊರಬೇಕು.

ಇದಕ್ಕೆ ತಕ್ಷಣ ಬರೋ ಆಕ್ಷೇಪ ನನಗೂ ಗೊತ್ತು. "ಸ್ಕೂಟರ್ ಓಡಿಸೋಕೆ ಎಂಜಿನ್ ಬಿಚ್ಚೋದು ಗೊತ್ತಿರಬೇಕಾ?" ಬೇಡ. ಪಿಸ್ಟನ್ ಸವೆದರೆ ಯಾರೂ ಸವಾರನ ಲೈಸೆನ್ಸ್ ಕಿತ್ತುಕೊಳ್ಳೋದಿಲ್ಲ. ಆದರೆ ಯಾರಿಗಾದರೂ ಗುದ್ದಿದರೆ ಅವನೇ ಹೊಣೆ. ಅದಕ್ಕೇ ಪಿಸ್ಟನ್ನನ್ನ ಮುಚ್ಚಿಡ್ತೀವಿ, ಬ್ರೇಕನ್ನ ಕೈಗೆ ಸಿಗೋ ಹಾಗೆ ಇಡ್ತೀವಿ. ಮಳೆಯಲ್ಲಿ ರಸ್ತೆ ಜಾರುತ್ತೆ ಅಂತಲೂ ಹೇಳಿಕೊಡ್ತೀವಿ. ಎಲ್ಲವನ್ನೂ ತೋರಿಸಿ ಅಂತ ನಾನು ಹೇಳ್ತಿಲ್ಲ, ಬ್ರೇಕನ್ನ ಅಡಗಿಸಬೇಡಿ ಅಂತಿದ್ದೀನಿ.

ಎರಡನೇ ಆಕ್ಷೇಪ ಇನ್ನೂ ಗಟ್ಟಿ, ಅದು ಓನರದ್ದು. ಬಾಡಿಗೆ ಶೆಡ್ಡು, ಮಷೀನಿನ ಮೇಲೆ ಇಎಂಐ, ನಾಳೆ ಬೆಳಿಗ್ಗೆ ಡೆಲಿವರಿ. "ಕೂರಿಸಿಕೊಂಡು ಕಲಿಸ್ತೀನಿ ಸಾರ್, ಆರು ತಿಂಗಳಿಗೆ ಪಕ್ಕದ ರಸ್ತೆಯವನು ಎರಡು ಸಾವಿರ ಜಾಸ್ತಿ ಕೊಟ್ಟು ಕರ್ಕೊಂಡು ಹೋಗ್ತಾನೆ. ನಾನೇನು ಟ್ರೈನಿಂಗ್ ಸೆಂಟರ್ ಇಟ್ಟಿದ್ದೀನಾ?" ಈ ಮಾತಿನಲ್ಲಿ ಸುಳ್ಳಿಲ್ಲ. ಕಲಿಸೋ ಖರ್ಚು ಒಬ್ಬನದ್ದು, ಲಾಭ ಇನ್ನೊಬ್ಬನದ್ದು ಆದಾಗ ಕಲಿಸದೇ ಇರೋದೇ ಜಾಣತನ ಅನ್ಸುತ್ತೆ.

ಆದರೆ ಪೀಣ್ಯ ಬೆಳೆದ ಬಗೆಯನ್ನೇ ನೋಡಿ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಬಂತು. ತುಮಕೂರು ರಸ್ತೆಯಲ್ಲಿ ಕೇಂದ್ರ ಸರ್ಕಾರದ ಮಷೀನ್ ಟೂಲ್ ಸಂಶೋಧನಾ ಸಂಸ್ಥೆ ಬಂತು, ಇವತ್ತು ಅದನ್ನ ಸಿಎಂಟಿಐ ಅಂತೀವಿ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ರಾಜಾಜಿನಗರದಲ್ಲಿ ಜಿಟಿಟಿಸಿ ಶುರುವಾಯ್ತು. ಎನ್‌ಟಿಟಿಎಫ್ ಪೀಣ್ಯದಲ್ಲೇ ಹುಡುಗರನ್ನ ತಯಾರು ಮಾಡಿತು. ದೊಡ್ಡ ಕಾರ್ಖಾನೆಗಳಲ್ಲಿ, ಇಂಥ ಕೇಂದ್ರಗಳಲ್ಲಿ ಕಲಿತವರು ಹೊರಗೆ ಬಂದು ಒಂದೊಂದು ಲೇತ್ ಹಾಕಿಕೊಂಡು ಶೆಡ್ ತೆರೆದರು. ಅಂದ್ರೆ ಇವತ್ತಿನ ಎಷ್ಟೋ ಓನರುಗಳು, ಕಲಿಸಿದ ಜಾಗ ಬಿಟ್ಟು ಬಂದ ನಿನ್ನೆಯ ಹುಡುಗರು. ಅವರಿಗೆ ಕಲಿಸಿದವರೂ "ಇವನು ಬಿಟ್ಟು ಹೋಗ್ತಾನೆ" ಅಂತ ಬೆನ್ನು ಅಡ್ಡ ಹಾಕಿದ್ದರೆ ಪೀಣ್ಯ ಇರುತ್ತಿರಲಿಲ್ಲ. ವಿದ್ಯೆಯ ಸಾಲ ಪಡೆದವರಿಗೇ ವಾಪಸ್ ತೀರೋದಿಲ್ಲ, ಮುಂದಿನವನಿಗೆ ಕೊಟ್ಟೇ ತೀರಬೇಕು. ಹಾಗಂತ ಇಡೀ ಹೊರೆಯನ್ನ ಹತ್ತು ಜನರ ಶೆಡ್ಡಿನ ಮೇಲೆ ಹಾಕೋದೂ ತಪ್ಪು. ಇಂಥ ಸಾರ್ವಜನಿಕ ಕೇಂದ್ರಗಳು ಇರೋದೇ ಆ ಖರ್ಚನ್ನ ಊರು ಹಂಚಿಕೊಳ್ಳಲಿ ಅಂತ.

ಸುಲಭದ ಹೆಸರಲ್ಲಿ ಯಾರ ಕೈಯಿಂದ ಏನು ಜಾರುತ್ತೆ ಅನ್ನೋದಕ್ಕೆ ಈ ಮಷೀನಿನ ಚರಿತ್ರೆಯಲ್ಲೇ ಒಂದು ಕಥೆ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಲೇತ್, ಮಿಲ್ಲಿಂಗ್ ಮಷೀನುಗಳನ್ನ ತಾವೇ ಓಡುವಂತೆ ಮಾಡೋಕೆ ಎರಡು ದಾರಿ ಇದ್ದವು. ಒಂದರಲ್ಲಿ ನುರಿತ ಕೆಲಸಗಾರ ಕೈಯಲ್ಲೇ ಮೊದಲ ಜಾಬ್ ಮಾಡ್ತಾನೆ, ಅವನ ಚಲನೆಯೆಲ್ಲ ಟೇಪಿನ ಮೇಲೆ ದಾಖಲಾಗುತ್ತೆ, ಆಮೇಲೆ ಮಷೀನ್ ಅದನ್ನೇ ಮತ್ತೆ ಮತ್ತೆ ಮಾಡುತ್ತೆ. ಇನ್ನೊಂದರಲ್ಲಿ ಆಫೀಸಿನಲ್ಲಿ ಕೂತವರು ಅಂಕಿಗಳಲ್ಲಿ ಪ್ರೋಗ್ರಾಂ ಬರೆದು ಕೆಳಗೆ ಕಳಿಸ್ತಾರೆ. ಎರಡನೇ ದಾರಿಯ ಮಷೀನನ್ನ ವಾಯುಸೇನೆಯ ದುಡ್ಡಿನಲ್ಲಿ ಎಂಐಟಿ 1952ರಲ್ಲಿ ಓಡಿಸಿ ತೋರಿಸಿತು, ಅದೇ ಗೆದ್ದಿತು. ವಿಮಾನದ ಸಂಕೀರ್ಣ ಆಕಾರಗಳನ್ನ ಕೈಯಲ್ಲಿ ಮಾಡಿ ದಾಖಲಿಸೋದು ಕಷ್ಟ ಅನ್ನೋ ಕಾರಣವೂ ಇತ್ತು. ಆದರೆ ಇತಿಹಾಸಕಾರ ಡೇವಿಡ್ ನೋಬಲ್ 1984ರ ತಮ್ಮ ಪುಸ್ತಕದಲ್ಲಿ, ಕೆಲಸದ ಹಿಡಿತವನ್ನ ಕೆಲಸಗಾರನ ಕೈಯಿಂದ ಮ್ಯಾನೇಜ್‌ಮೆಂಟಿನ ಕೈಗೆ ಒಯ್ಯಬೇಕು ಅನ್ನೋ ಬಯಕೆಯೂ ಆ ಆಯ್ಕೆಯ ಹಿಂದಿತ್ತು ಅಂತ ವಾದಿಸಿದರು. ಒಂದರಲ್ಲಿ ಕೆಲಸಗಾರನಿಗೆ ಗೊತ್ತಿದ್ದದ್ದೇ ಪ್ರೋಗ್ರಾಂ. ಇನ್ನೊಂದರಲ್ಲಿ ಕೆಲಸಗಾರನಿಗೆ ಗೊತ್ತಿರಬೇಕಾದ್ದೇ ಇಲ್ಲ. ಎರಡಕ್ಕೂ "ಸುಲಭ" ಅನ್ನೋ ಒಂದೇ ಪದ ಅಂಟಿಸಬಹುದು.

ಇದನ್ನೆಲ್ಲ ಓದುತ್ತಾ "ಪಾಪ ಪೀಣ್ಯದವರು" ಅಂದ್ಕೊಳ್ತಿದ್ದರೆ ಒಂದು ನಿಮಿಷ. ನಮ್ಮ ಆಫೀಸಿನಲ್ಲೂ ಹಸಿರು ಬಟನ್ ಬಂದಾಯ್ತು. ಬೇಕಾದ್ದನ್ನ ಇಂಗ್ಲಿಷಿನಲ್ಲಿ, ಈಗ ಕನ್ನಡದಲ್ಲೂ, ಹೇಳಿದರೆ ಎಐ ಕೋಡ್ ಬರೆದುಕೊಡುತ್ತೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊದಲ ವಾರವೇ ಫೀಚರ್ ಮುಗಿಸ್ತಾಳೆ. ಎಲ್ಲರಿಗೂ ಖುಷಿ. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಬಿದ್ದಾಗ ಫೋನ್ ಬರೋದು ಅವಳಿಗೆ. ಕೋಡ್ ಬರೆದದ್ದು ಎಐ, ಆರ್‌ಸಿಎ ಬರೆಯೋದು ಫ್ರೆಶರ್. ಅಲ್ಲಿ ಜಿ 96, ಇಲ್ಲಿ ಇದು. ಸಾಧನ ಕೆಟ್ಟದ್ದಲ್ಲ. ಇಂಗ್ಲಿಷಿಗೆ, ಕಾಲೇಜಿನ ಹೆಸರಿಗೆ, ಬೇಸರದ ಸೆಟಪ್ಪಿಗೆ ಹೆದರಿ ಹೊರಗೇ ನಿಂತಿದ್ದ ಎಷ್ಟೋ ಜನರನ್ನ ಅದು ಒಳಗೆ ಕರೆದಿದೆ, ಅದು ದೊಡ್ಡ ಮಾತು. ಆದರೆ "ಬೇಗ ಮುಗಿಸು" ಅಂದವರು "ಯಾಕೆ ಹೀಗೆ ಬರೆದಿದೆ ಅಂತ ಅರ್ಥ ಮಾಡ್ಕೋ, ಅದಕ್ಕೆ ಇನ್ನೆರಡು ದಿನ ತಗೋ" ಅನ್ನಲೇ ಇಲ್ಲ. ಆ ಎರಡು ದಿನ ಕೊಡದ ಮ್ಯಾನೇಜರ್‌ಗೆ ರಾತ್ರಿ ಎರಡು ಗಂಟೆಗೆ ಅವಳನ್ನ ಎಬ್ಬಿಸೋ ಹಕ್ಕು ಎಲ್ಲಿಂದ ಬಂತು?

ಮಕ್ಕಳು ಕಷ್ಟವನ್ನ ದ್ವೇಷಿಸೋದಿಲ್ಲ, ಅರ್ಥವಿಲ್ಲದ ಕಷ್ಟವನ್ನ ದ್ವೇಷಿಸ್ತಾರೆ ಅನ್ನೋದು ಪೇಪರ್ಟ್ ಅವರ ಕೆಲಸದ ತಿರುಳು. ದೊಡ್ಡವರೂ ಅಷ್ಟೇ. ವ್ಯಾಸ ಇಳಿದರೆ ವೇಗ ಯಾಕೆ ಏರುತ್ತೆ ಅಂತ ಒಮ್ಮೆ ಹೊಳೆದ ಮೇಲೆ ಆಪರೇಟರ್ ಮಷೀನಿನ ಸದ್ದನ್ನ ಕೇಳೋ ರೀತಿಯೇ ಬೇರೆಯಾಗುತ್ತೆ. ಸ್ಪಿಂಡಲ್ಲಿನ ದನಿ ಏರುತ್ತಾ ಹೋದಾಗ ಅವನಿಗೆ ಕಾರಣ ಗೊತ್ತಿರುತ್ತೆ, ಎಲ್ಲಿ ನಿಲ್ಲಬೇಕು ಅಂತಲೂ ಗೊತ್ತಿರುತ್ತೆ. ನಿಲ್ಲದಿದ್ದರೆ ಕೆಂಪು ಬಟನ್ನಿಗೆ ಕೈ ಹೋಗುತ್ತೆ. ಆಪರೇಟರ್ ಮೆಟ್ಟಿಲಿನಿಂದ ಪ್ರೋಗ್ರಾಮರ್ ಮೆಟ್ಟಿಲಿಗೆ ಹೋಗೋ ದಾರಿ ಅಲ್ಲಿಂದಲೇ ಶುರು.

ಹಾಗಾಗಿ, ನೀವು ಯಾರಿಗಾದರೂ ಕಲಿಸೋರಾಗಿದ್ದರೆ, ಟೂಲ್ ಕಟ್ಟೋರಾಗಿದ್ದರೆ, ಟೀಮಿಗೆ ಹೊಸಬರನ್ನ ಸೇರಿಸಿಕೊಳ್ಳೋರಾಗಿದ್ದರೆ, ಒಂದು ಹಾಳೆ ತಗೊಂಡು ನಾಳೆ ಏನೇನು ಕೆಟ್ಟರೆ ಈ ಹೊಸಬರ ಹೆಸರು ಹೇಳ್ತೀರಿ ಅಂತ ಪಟ್ಟಿ ಮಾಡಿ. ಆ ಪಟ್ಟಿಯಲ್ಲಿ ಇರೋದನ್ನ ಮುಚ್ಚಳ ತೆಗೆದು ತೋರಿಸಿ, ಅವರ ಮಾತಿನಲ್ಲೇ ಹೇಳಿ, ಅದಕ್ಕೆ ಬೇಕಾದ ಟೈಮು ಕೊಡಿ. ಮಿಕ್ಕಿದ್ದನ್ನೆಲ್ಲ ಎಷ್ಟು ಬೇಕಾದ್ರೂ ಸುಲಭ ಮಾಡಿ, ಯಾರೂ ಬೇಡ ಅನ್ನಲ್ಲ.